ಗೊತ್ತಿಲ್ಲ ಅಂತ ಬರೀರಿ

ಸೇಡಂನಲ್ಲಿ ಅವರಿಗೆ ಸನ್ಮಾನ ಮಾಡುವವರಿದ್ದಾರೆ. ನಿವೃತ್ತಿಯ ನೆಪ. ಶಾಲು, ಹಾರ, ಹಣ್ಣಿನ ಬುಟ್ಟಿ, ಜೊತೆಗೊಂದು ನೆನಪಿನ ಸಂಚಿಕೆ. ಆ ಸಂಚಿಕೆಗೆ ನಾನೂ ಎರಡು ಪುಟ ಬರೆದುಕೊಡಬೇಕಂತೆ. "ಅವರ ಜೊತಿ ಇಷ್ಟು ವರ್ಷ ಕೆಲಸ ಮಾಡೀರಿ, ನಿಮ್ಮಷ್ಟು ಹತ್ತಿರದಿಂದ ಅವರನ್ನ ನೋಡಿದವರು ಯಾರದಾರ್ರಿ?" ಎಂದು ಸನ್ಮಾನ ಸಮಿತಿಯವರು ಫೋನಿನಲ್ಲಿ ಹೊಗಳಿದರು. ಹತ್ತಿರದಿಂದ ನೋಡಿದ್ದೇ ತೊಂದರೆಯಾಗಿರುವುದು. "ನಮ್ಮ ಭಾಗ ಕಂಡ ಅಪರೂಪದ ಶಿಕ್ಷಣತಜ್ಞರು" ಎಂದು ಒಂದು ಸಾಲು ಬರೆದೆ, ಓದಿಕೊಂಡೆ, ನಗು ಬಂತು, ಹರಿದು ಹಾಕಿದೆ. ಆಮೇಲೆ ಬರೆದದ್ದು ಇದು. ಇದನ್ನು ಅವರು ಅಚ್ಚು ಹಾಕುವುದಿಲ್ಲ ಎಂದು ನನಗೆ ಗೊತ್ತು. ಅವರ ಹೆಸರನ್ನೂ ನಾನು ಹಾಕಿಲ್ಲ. ನಾವೆಲ್ಲ ಅವರನ್ನು ಸಾಹೇಬರು ಅನ್ನುತ್ತಿದ್ದೆವು, ಇಲ್ಲಿಯೂ ಹಾಗೆಯೇ ಇರಲಿ.

ಸಾಹೇಬರ ಕೆಲಸ ಏನೆಂದು ಹೊರಗಿನವರಿಗೆ ತಿಳಿಸುವುದು ಸ್ವಲ್ಪ ಕಷ್ಟ. ಅವರು ಡಾಕ್ಟರಲ್ಲ, ನರ್ಸ್ ಅಲ್ಲ, ಕಂಪೌಂಡರ್ ಕೂಡ ಅಲ್ಲ. ಆಸ್ಪತ್ರೆಯ ಆಯಾಗಳು, ವಾರ್ಡಿನ ಸಹಾಯಕಿಯರು, ಹಳ್ಳಿಗಳಲ್ಲಿ ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತೆಯರು, ಇವರಿಗೆ ಏನು ಗೊತ್ತಿರಬೇಕು, ಅದನ್ನು ಎಷ್ಟು ಗಂಟೆಯಲ್ಲಿ ಕಲಿಸಬೇಕು, ಕಲಿತರೋ ಇಲ್ಲವೋ ಎಂದು ಹೇಗೆ ಪರೀಕ್ಷಿಸಬೇಕು, ಕೊನೆಗೆ ಯಾವ ಸರ್ಟಿಫಿಕೇಟು ಕೊಡಬೇಕು ಎಂದು ಗೊತ್ತುಮಾಡುವ ಒಂದು ಸಂಸ್ಥೆಗೆ ಅವರು ಮುಖ್ಯಸ್ಥರು. ನಾನು ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ದುಡಿದವಳು. ಮೊಣಕಾಲು ನೋವಿನಿಂದ ನಿಂತು ಕೆಲಸ ಮಾಡಲು ಆಗದೆ ಹೋದಾಗ ಆ ಸಂಸ್ಥೆಯಲ್ಲಿ ತರಬೇತಿ ಕೊಡುವವಳಾಗಿ ಸೇರಿದೆ. ಸಾಹೇಬರು ಗೋಡೆಯ ಮೇಲೆ ಸ್ಲೈಡು ತೋರಿಸುತ್ತಿದ್ದರು, ನಾನು ಅದನ್ನು ಮನುಷ್ಯರ ಮಾತಿಗೆ ತಿರುಗಿಸುತ್ತಿದ್ದೆ.

ಎತ್ತರದ ಆಳು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಮೂರು ಬಣ್ಣದ ಮೂರು ಪೆನ್ನು, ಕೈಯಲ್ಲಿ ಕೆಂಪು ಬೆಳಕು ಬಿಡುವ ಒಂದು ಕಡ್ಡಿ. ಆ ಬೆಳಕನ್ನು ಅವರು ಗೋಡೆಯ ಮೇಲಷ್ಟೇ ಅಲ್ಲ, ಪ್ರಶ್ನೆ ಕೇಳುವಾಗ ಎದುರಿಗೆ ಕೂತವರ ಹಣೆಯ ಮೇಲೂ ಬಿಡುತ್ತಿದ್ದರು. ವೇದಿಕೆಯ ಮೇಲೆ ಬೆಂಗಳೂರಿನ ಕನ್ನಡ, ಸಿಟ್ಟು ಬಂದರೆ ಮಾತ್ರ ಹುಟ್ಟೂರಿನ ಕನ್ನಡ. ಒಮ್ಮೆ ಯಾವುದೋ ಆಸ್ಪತ್ರೆ ನೋಡಲು ಹೋದಾಗ ಆಯಾ ಒಬ್ಬಳು ರಕ್ತ ನೆನೆದ ಅರಳೆ ತುಂಬಿದ ಟ್ರೇ ಹಿಡಿದು ಎದುರಿಗೆ ಬಂದಳು. ಸಾಹೇಬರು ಅಲ್ಲೇ ಪಡಸಾಲೆಯ ಫರಸಿಯ ಮೇಲೆ ಕುಸಿದು ಕೂತರು. ನೀರು ಕುಡಿಸಿ ಎಬ್ಬಿಸಿದವಳು ಅದೇ ಆಯಾ. ಮುಂದಿನ ವಾರ ಆ ಆಯಾಗಳ ಪಾಠಕ್ಕೆಂದು "ಪ್ರಜ್ಞೆ ತಪ್ಪಿದವರ ಆರೈಕೆ" ಎಂಬ ಹೊಸ ಅಧ್ಯಾಯ ಬರೆದು ತಂದರು. ಅದರಲ್ಲಿ ನೀರು ಕುಡಿಸಬಾರದು ಎಂದು ದಪ್ಪ ಅಕ್ಷರದಲ್ಲಿತ್ತು.

ಅವರ ಒಂದು ಗುಣವನ್ನು ನಾನು ಇವತ್ತಿಗೂ ಅಲ್ಲಗಳೆಯಲಾರೆ. ನಲವತ್ತು ಹೆಂಗಸರ ಬ್ಯಾಚ್ ಇದ್ದರೆ ಬೆಳಿಗ್ಗೆ ಒಮ್ಮೆ ಹಾಜರಿ ಕೂಗಿದ್ದೇ ಸಾಕು, ಮಧ್ಯಾಹ್ನದ ಊಟದ ಹೊತ್ತಿಗೆ ನಲವತ್ತೂ ಹೆಸರು ಅವರ ನಾಲಿಗೆಯ ಮೇಲೆ. "ನಾಗಮ್ಮ, ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ." "ರಜಿಯಾ, ಮಗಳ ಜ್ವರ ಇಳಿಯಿತೇ?" ಆ ಹೆಂಗಸರನ್ನು ಆಸ್ಪತ್ರೆಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಏ ಆಯಾ, ಏ ಬಾಯಿ, ಅಷ್ಟೇ. ಇಂಥ ದೊಡ್ಡ ಮನುಷ್ಯರ ಬಾಯಲ್ಲಿ ತಮ್ಮ ಹೆಸರು ಬಂದ ಕೂಡಲೇ ಅವರ ಮುಖ ಅರಳುತ್ತಿತ್ತು. ಮೊದಲ ವರ್ಷ ನಾನೂ ಅದಕ್ಕೆ ಮರುಳಾದವಳೇ. ಅವರಿಗೆ ಗೊತ್ತಿದ್ದದ್ದು ಬರೀ ಹೆಸರು ಎಂದು ತಿಳಿಯುವುದಕ್ಕೆ ನನಗೆ ಬಹಳ ದಿನ ಹಿಡಿಯಿತು.

ಅವರ ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಪುಸ್ತಕ ಅಂದರೆ ಮುಖ ಗಂಟಿಕ್ಕುತ್ತಿದ್ದರು, ಮಾಡ್ಯೂಲ್ ಅನ್ನಬೇಕು. ಯಾವುದೋ ಚಳಿದೇಶದ್ದನ್ನು ಇಳಿಸಿಕೊಂಡು ಕನ್ನಡ ಮಾಡಿಸಿದ್ದರು. ರೋಗಿಯ ಕೋಣೆಯ ಹೀಟರನ್ನು ಹಾಸಿಗೆಯಿಂದ ಎಷ್ಟು ದೂರ ಇಡಬೇಕು ಎಂಬುದಕ್ಕೇ ಅದರಲ್ಲಿ ಎರಡು ಪುಟ. ಇದನ್ನು ಅವರು ಶಹಾಬಾದಿನಲ್ಲಿ, ಏಪ್ರಿಲ್ ಕೊನೆಯ ವಾರ, ಮಧ್ಯಾಹ್ನ ಎರಡು ಗಂಟೆಗೆ, ಕರೆಂಟು ಹೋದ ಹಾಲಿನಲ್ಲಿ ಕಲಿಸಿದರು. ಮೇಲೆ ಕಲ್ಲಿನ ಮಾಡು ಕಾದು ಹಂಚಾಗಿತ್ತು. ಹೆಂಗಸರು ಆ ಮಾಡ್ಯೂಲಿನಿಂದಲೇ ಗಾಳಿ ಹಾಕಿಕೊಳ್ಳುತ್ತಿದ್ದರು. ಭಂಕೂರಿನ ಒಬ್ಬಳು ಕೈ ಎತ್ತಿ, "ಸಾಹೇಬ್ರ, ನಮ್ಮಲ್ಲಿ ಪೇಷಂಟು ಹೀಟರ್ ಕೇಳೂದಿಲ್ರಿ, ಕರೆಂಟ್ ಯಾವಾಗ ಬರ್ತದ ಅಂತ ಕೇಳ್ತಾನ" ಅಂದಳು. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ಆಮೇಲೆ ನಾನು, ಈ ಅಧ್ಯಾಯ ನಮಗೇಕೆ ಸರ್ ಅಂದರೆ, ತೆಗೆದರೆ ಗಂಟೆಗಳು ಕಡಿಮೆ ಬೀಳುತ್ತವೆ, ಗಂಟೆ ಕಡಿಮೆ ಬಿದ್ದರೆ ಕೋರ್ಸಿಗೆ ಒಪ್ಪಿಗೆ ಸಿಗುವುದಿಲ್ಲ ಅಂದರು.

ಚಂದಾಪುರದಲ್ಲಿ ಕೈ ತೊಳೆಯುವುದನ್ನು ಕಲಿಸಿದ್ದು ಇನ್ನೂ ಚೆಂದ. ನಮಗೆ ಕೊಟ್ಟ ಹಾಲಿನಲ್ಲಿ ನಲ್ಲಿ ಇತ್ತು, ನಲ್ಲಿಯಲ್ಲಿ ನೀರಿರಲಿಲ್ಲ. ಎರಡು ಕೊಡ ನೀರು ತರಿಸೋಣ ಎಂದೆ. ಬೇಡ, ಹೊತ್ತಾಗುತ್ತದೆ, ನೀರು ಇದೆ ಎಂದು ಕಲ್ಪಿಸಿಕೊಳ್ಳಲಿ ಎಂದರು. ಒಂದು ಗಂಟೆ ಕಾಲ ನಲವತ್ತು ಹೆಂಗಸರು ಗಾಳಿಯಲ್ಲಿ ಕೈ ಉಜ್ಜಿದರು. ಅಂಗೈ, ಮುಂಗೈ, ಬೆರಳ ಸಂದು, ಹೆಬ್ಬೆರಳು, ಒಂದೊಂದು ಹಂತಕ್ಕೂ ಸಾಹೇಬರು ಕೆಂಪು ಬೆಳಕು ಬಿಟ್ಟು ಭೇಷ್ ಅಂದರು. ಅಷ್ಟರಲ್ಲಿ ಮಿರ್ಚಿ ಭಜಿ ಬಂತು. ಎಲ್ಲರಿಗಿಂತ ಮೊದಲು ಕೈ ಹಾಕಿದವರು ಅವರು. ಅದೇ ಕೈಯಿಂದ ಫಾರ್ಮಿನಲ್ಲಿ "ಪ್ರಾತ್ಯಕ್ಷಿಕೆ ಯಶಸ್ವಿ" ಎಂದು ಬರೆದರು. ಭಜಿಯ ಎಣ್ಣೆ ಹತ್ತಿದ ಆ ಫಾರ್ಮು ಬಹಳ ದಿನ ನನ್ನ ಕಪಾಟಿನಲ್ಲಿತ್ತು.

ಇನ್ನು ಅವರ ಪರೀಕ್ಷೆಯ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ. ನಮ್ಮ ಪ್ರತಿ ತರಬೇತಿಯಲ್ಲೂ ಪರೀಕ್ಷೆ ಎರಡು ಸಲ. ಮೊದಲ ದಿನ ಪಾಠ ಶುರುವಾಗುವ ಮುಂಚೆ ಒಂದು, ಮೂರನೆಯ ದಿನ ಪಾಠ ಮುಗಿದ ಮೇಲೆ ಒಂದು. ಪ್ರಶ್ನೆಪತ್ರಿಕೆ ಅದೇ. ಇಪ್ಪತ್ತೈದು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಮೊದಲ ದಿನ ಕಡಿಮೆ ಬಂದು ಮೂರನೆಯ ದಿನ ಹೆಚ್ಚು ಬಂದರೆ ನಡುವೆ ಸಾಹೇಬರು ಕಲಿಸಿದರು ಎಂದು ಅರ್ಥ. ಎರಡು ಕಂಬದ ಚಿತ್ರ ಬರೆದು ಮೇಲಿನವರಿಗೆ ಕಳಿಸುತ್ತಿದ್ದರು, ಮೊದಲನೆಯದು ಕುಳ್ಳ, ಎರಡನೆಯದು ಎತ್ತರ. ಆ ಚಿತ್ರದ ಮೇಲೆ ಮುಂದಿನ ಬ್ಯಾಚ್ ಸಿಗುತ್ತಿತ್ತು. "ಅಳತೆಗೆ ಸಿಗದದ್ದು ಕಲಿಕೆಯೇ ಅಲ್ಲ" ಎಂಬುದು ಅವರು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ ಮಾತು.

ಹಾಗಾಗಿ ಅವರಿಗೆ ಅತ್ಯಂತ ಪ್ರೀತಿಯ ಜಾಗ ಕುಂಚಾವರಂ. ಅಲ್ಲಿಯ ಕಾಡಂಚಿನ ಹಟ್ಟಿಗಳಿಂದ ಬಂದ ಹೆಂಗಸರಲ್ಲಿ ಬಹಳ ಮಂದಿಗೆ ಬರುವುದು ತೆಲುಗು ಮಾತ್ರ. ಸಾಹೇಬರು ಮೊದಲ ದಿನ ಅವರಿಗೆ ಕನ್ನಡದ ಪತ್ರಿಕೆ ಕೊಟ್ಟು ಒಂದು ಮಾತೂ ಹೇಳದೆ ಕೂತರು. ಮೂರನೆಯ ದಿನ ಅವೇ ಪ್ರಶ್ನೆಗಳನ್ನು ನನ್ನಿಂದ ತೆಲುಗಿನಲ್ಲಿ ಓದಿಸಿದರು. ಎರಡನೆಯ ಕಂಬ ಮುಗಿಲಿಗೆ ಮುಟ್ಟಿತು. ಜೀಪಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ, "ಎಂಥ ಬ್ಯಾಚು, ಎಂಥ ಪ್ರಗತಿ" ಎಂದು ತೊಡೆ ತಟ್ಟಿಕೊಂಡರು. ಆ ಹೆಂಗಸರು ಮೊದಲ ದಿನವೂ ಅಷ್ಟೇ ತಿಳಿದವರಾಗಿದ್ದರು ಎಂದು ನಾನು ಹೇಳಬಹುದಿತ್ತು. ತೊಡೆಯ ಮೇಲಿದ್ದ ಪತ್ರಿಕೆಗಳ ಕಟ್ಟಿಗೆ ದಾರ ಸುತ್ತಿದೆ.

ಜಗದೇವಿ ಬಂದದ್ದು ಚಿತ್ತಾಪುರದ ಬ್ಯಾಚಿಗೆ. ಅವಳು ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಗುತ್ತಿಗೆಯ ಆಯಾ. ಇಪ್ಪತ್ತು ವರ್ಷದ ಅನುಭವ, ಓದಿದ್ದು ಐದನೆಯ ಇಯತ್ತೆ. ಅವಳ ಆಸ್ಪತ್ರೆಯಲ್ಲಿ ನಾನೂ ಎರಡು ವರ್ಷ ಇದ್ದೆ, ಅವಳ ಕೆಲಸವನ್ನು ಕಣ್ಣಾರೆ ಕಂಡವಳು. ಹೆರಿಗೆಯಾದ ಹೆಂಗಸಿನ ತುಟಿಯ ಬಣ್ಣ ನೋಡಿ, "ಅಕ್ಕೋರ, ಈಕಿ ಒಳಗ ರಗತ ಹರೀಲಿಕತ್ತದ, ಡಾಕ್ಟರಿಗಿ ಕರೀರಿ" ಅನ್ನುವವಳು. ಅವಳು ಹಾಗೆ ಅಂದಾಗಲೆಲ್ಲ ಅದು ನಿಜವಾಗಿರುತ್ತಿತ್ತು. ಹೊಸದಾಗಿ ಬಂದ ನರ್ಸ್ ಹುಡುಗಿಯರು ಕೂಸನ್ನು ಒರೆಸಿ ಬೆಚ್ಚಗೆ ಸುತ್ತುವುದನ್ನು ಕಾಲೇಜಿನಲ್ಲಿ ಓದಿ, ಅವಳ ಕೈ ನೋಡಿ ಕಲಿಯುತ್ತಿದ್ದರು.

ಮೊದಲ ದಿನದ ಪರೀಕ್ಷೆಯಲ್ಲಿ ಅವಳಿಗೆ ಇಪ್ಪತ್ತಮೂರು ಬಂತು. ಅವಳ ಜೊತೆ ಬಂದ ಹಳೆಯ ಆಯಾಗಳಿಗೂ ಹತ್ತಿರ ಹತ್ತಿರ ಅಷ್ಟೇ. ಸಾಹೇಬರು ಕಟ್ಟನ್ನು ತಿರುವಿ ಹಾಕಿ ನನ್ನನ್ನು ಬಾಗಿಲ ಹೊರಗೆ ಕರೆದರು. ಬೆಂಗಳೂರಿನ ಕನ್ನಡ ಮಾಯವಾಗಿತ್ತು.

"ಏನ್ರಿ ಇದು? ಇವರಿಗಿ ಎಲ್ಲಾ ಮೊದಲೇ ಬರ್ತದ ಅಂದ್ರ ನಾ ಕಲಸೂದು ಏನದ?"

"ಬರೋದು ಒಳ್ಳೇದೇ ಅಲ್ಲೇನ್ರಿ ಸರ್?"

"ಇವರಿಗಿ ಒಳ್ಳೇದು. ನಮ್ಮ ಗ್ರಾಫ್ ಬೀಳ್ತದ. ಹೊಸಾ ಪೇಪರ್ ಕೊಡ್ರಿ. ಗೊತ್ತಿಲ್ಲ ಅಂತ ಬರೀಲಿಕ್ಕ ಹೇಳ್ರಿ, ಜರಾ ನಾಜೂಕಾಗಿ ಹೇಳ್ರಿ."

ನಾನು ನಾಜೂಕಾಗಿ ಹೇಳಿದೆ. ಇದನ್ನು ಬರೆಯುವಾಗ ನನಗೆ ಈಗಲೂ ಮೈ ಉರಿಯುತ್ತದೆ, ಅವರ ಮೇಲೆ ಎಷ್ಟೋ ನನ್ನ ಮೇಲೂ ಅಷ್ಟೇ. ಇದು ಬರೇ ಕಾಗದಕ್ಕ, ಮೂರನೇ ದಿನ ಸರಿ ಬರದ್ರ ಆತು, ಈಗ ತಪ್ಪಿದ್ದಕ್ಕ ಗುರ್ತು ಹಾಕ್ರಿ ಎಂದು ಮೊದಲಿನವನ್ನು ಹರಿದು ಹಾಕಿ ಹೊಸ ಪತ್ರಿಕೆ ಹಂಚಿದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಬರೆಯಲು ಶುರುಮಾಡಿದರು. ಜಗದೇವಿ ಒಂದು ಪ್ರಶ್ನೆಯ ಹತ್ತಿರ ನಿಂತುಬಿಟ್ಟಳು. ಹುಟ್ಟಿದ ಕೂಸಿನ ಹೊಕ್ಕುಳಬಳ್ಳಿಗೆ ಏನು ಹಚ್ಚಬೇಕು ಎಂದು ಪ್ರಶ್ನೆ. ಬೂದಿ, ಅರಿಶಿನ, ಎಣ್ಣೆ, ಏನೂ ಹಚ್ಚಬಾರದು ಎಂದು ನಾಲ್ಕು ಉತ್ತರ.

"ಅಕ್ಕೋರ, ಇದೊಂದು ಖರೇದು ಬರೀತೀನ್ರಿ" ಅಂದಳು. "ಬೂದಿ ಹಚ್ಚಬ್ಯಾಡ್ರಿ, ಹಚ್ಚಬ್ಯಾಡ್ರಿ ಅಂತ ಇಪ್ಪತ್ತು ವರ್ಷ ಮುದುಕೇರ ಸಂಗಟ ಜಗಳ ಆಡೀನಿ. ಈ ಕೈಲೆ ಹ್ಯಾಂಗ ಬರೀಲ್ರಿ?"

"ಎಲ್ಲಾ ತಪ್ಪ ಅಂದ್ರ ಎಲ್ಲಾ ತಪ್ಪ, ಜಗದೇವಿ. ತಕರಾರು ತಗೀಬ್ಯಾಡ."

ಅವಳು ಬೂದಿಗೆ ಗುರುತು ಹಾಕಿದಳು. ಇಪ್ಪತ್ತೈದಕ್ಕೆ ಸೊನ್ನೆ. ಸಾಹೇಬರು ಖುಷಿಯಿಂದ ಕೆಂಪು ಪೆನ್ನಿನಲ್ಲಿ ಆ ಸೊನ್ನೆಗೆ ಸುತ್ತು ಹಾಕಿದರು. ಓದಲು ಬಾರದವರು ಕಣ್ಣು ಮುಚ್ಚಿ ಗುರುತು ಹಾಕಿದರೂ ಐದಾರು ಸರಿ ಬಿದ್ದೇ ಬೀಳುತ್ತವೆ. ಇಪ್ಪತ್ತೈದನ್ನೂ ತಪ್ಪು ಮಾಡಬೇಕಾದರೆ ಸರಿ ಉತ್ತರ ಗೊತ್ತಿರಲೇಬೇಕು. ಜನ್ಮವಿಡೀ ಅಳತೆ ಅಳತೆ ಎಂದು ಬಡಕೊಂಡ ಮನುಷ್ಯನಿಗೆ ಇಷ್ಟು ಹೊಳೆಯಲಿಲ್ಲ. ಕೆಳಗೆ ಇಬ್ಬರ ಸಹಿ ಬೇಕಿತ್ತು, ಅವರದರ ಕೆಳಗೆ ನಾನೂ ಸಹಿ ಹಾಕಿದೆ.

ಎರಡು ವರ್ಷ ಕಳೆಯಿತು. ಆಸ್ಪತ್ರೆಗಳಿಗೆ ಹೊಸ ನಿಯಮ ಬಂತು, ಸರ್ಟಿಫಿಕೇಟು ಇಲ್ಲದವರು ರೋಗಿಯನ್ನು ಮುಟ್ಟುವ ಹಾಗಿಲ್ಲ ಎಂದು. ಹತ್ತನೆಯ ಇಯತ್ತೆ ಪಾಸಾದವರಿಗೆ ಒಂದು ವರ್ಷದ ಕೋರ್ಸು. ಪಾಸಾಗದ, ಆದರೆ ಬಹಳ ಕಾಲ ಕೆಲಸ ಮಾಡಿದ ಹೆಂಗಸರಿಗೆ ಅನುಭವ ನೋಡಿ ಸರ್ಟಿಫಿಕೇಟು ಕೊಡಬೇಕು. ಆ ಅನುಭವವನ್ನು ಹೇಗೆ ಅಳೆಯುವುದು ಎಂದು ಹೇಳಲು ಒಂದು ಸಮಿತಿ, ಸಮಿತಿಯಲ್ಲಿ ನಮ್ಮ ಸಾಹೇಬರು. ಅವರು ಎದ್ದು ನಿಂತು, ಇದಕ್ಕೆ ಹೊಸ ಪರೀಕ್ಷೆಯೇ ಬೇಡ, ನಮ್ಮ ಬಳಿ ದಾಖಲೆ ಸಿದ್ಧವಿದೆ ಎಂದರಂತೆ. ತರಬೇತಿಗೆ ಮುಂಚೆ ಯಾರಿಗೆ ಎಷ್ಟು ಗೊತ್ತಿತ್ತು ಎಂದು ತೋರಿಸುವ ಮೊದಲ ದಿನದ ಪತ್ರಿಕೆಗಳು! ಅದರಲ್ಲಿ ಹದಿನೈದಕ್ಕೆ ಮೇಲೆ ಬಂದಿದ್ದರೆ ಅನುಭವ ಇದೆ, ಕೆಳಗಿದ್ದರೆ ಇಲ್ಲ. ಸಮಿತಿಗೆ ಸೇರಿದವರೆಲ್ಲ ಚಪ್ಪಾಳೆ ತಟ್ಟಿದರಂತೆ.

ಅವರಿಗೆ ಜಗದೇವಿಯ ಮೇಲೆ ಹಗೆಯಿತ್ತು ಎಂದು ಯಾರೂ ತಿಳಿಯಬೇಡಿ. ಹಗೆ ಇದ್ದಿದ್ದರೆ ನನಗೆ ಅವರ ಮೇಲೆ ಇಷ್ಟು ತಿರಸ್ಕಾರ ಇರುತ್ತಿರಲಿಲ್ಲ. ತಾವೇ ಹೇಳಿ ಬರೆಸಿದ ಸುಳ್ಳನ್ನು ಎರಡು ವರ್ಷದಲ್ಲಿ ತಾವೇ ನಂಬಿಬಿಟ್ಟಿದ್ದರು. ಕಡತದಲ್ಲಿ ಸೊನ್ನೆ ಇದೆ, ಅಂದಮೇಲೆ ಅವಳಿಗೆ ಗೊತ್ತಿರಲಿಲ್ಲ. ಚಿತ್ತಾಪುರದ ಬ್ಯಾಚಿನ ಹಳೆಯ ಆಯಾಗಳೆಲ್ಲ ಅನರ್ಹರಾದರು. ಅವತ್ತು ತಡವಾಗಿ ಬಂದು ನನ್ನ ಮಾತು ಕೇಳಿಸಿಕೊಳ್ಳದೆ ತನಗೆ ತಿಳಿದ ಹಾಗೆ ಬರೆದ, ಆಗ ಕೆಲಸಕ್ಕೆ ಸೇರಿ ಆರೇ ತಿಂಗಳಾಗಿದ್ದ ಹೊಸಬಳೊಬ್ಬಳು ಅರ್ಹಳಾದಳು.

ಜಗದೇವಿಗೆ ಕೆಲಸ ಹೋಗಲಿಲ್ಲ. ಕೈಗೆ ಪೊರಕೆ ಬಂತು. ವಾರ್ಡ್ ಗುಡಿಸು, ಫರಸಿ ಒರೆಸು, ರೋಗಿಯನ್ನು ಮುಟ್ಟಬೇಡ. ನಾನು ನೋಡಲು ಹೋದ ದಿನ ಒಳಗೆ ಯಾರಿಗೋ ನೋವು ಬರುತ್ತಿತ್ತು. ಬಾಗಿಲ ಹೊರಗೆ ಪೊರಕೆ ಹಿಡಿದು ನಿಂತ ಜಗದೇವಿ ಒಳಗಿನ ದನಿ ಕೇಳುತ್ತ, "ಇನ್ನ ಹೊತ್ತದ. ಈಗೇ ಜೋರ ಹಚ್ಚಿ ಮುಕ್ಕಬ್ಯಾಡ ಅಂತ ಯಾರಾರ ಹೇಳಬಾರದೇನ್ರಿ ಆಕಿಗಿ" ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಳು. ನನ್ನನ್ನು ನೋಡಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಕಾಗದ ಬರೇ ಲೆಕ್ಕಕ್ಕಂದಿದ್ರಲ್ರಿ ಅಕ್ಕೋರ" ಅಂದಳು. ಬೈಯಲಿಲ್ಲ. ಬೈದಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು.

ಮರುದಿನವೇ ಸೇಡಂಗೆ, ಸಾಹೇಬರ ಮನೆಗೆ ಹೋದೆ. ಬರ್ರಿ, ಕುಂದ್ರಿ, ಚಹಾ ಕುಡೀರಿ ಎಂದು ಆದರಿಸಿದರು. ನಾನು ವಿಷಯ ಎತ್ತಿದೆ. ಜಗದೇವಿಯ ಹೆಸರು ಹೇಳಿದ ಕೂಡಲೇ, "ಹಾಂ, ಜಗದೇವಿ. ಚಿತ್ತಾಪುರದ ಬ್ಯಾಚ್, ಎರಡನೇ ಸಾಲು, ಕಿಟಕಿ ಬಾಜೂಕ" ಎಂದರು. ಹೆಸರು ಅಷ್ಟು ಚೆನ್ನಾಗಿ ನೆನಪಿತ್ತು.

"ತಪ್ಪು ಬರಿಸಿದ್ದು ನಾವ್ರಿ ಸರ್. ಒಂದು ಕಾಗದ ಬರದು ಕೊಡ್ರಿ. ಇಪ್ಪತ್ತು ವರ್ಷ ದುಡದಾಕಿ ಪೊರಕಿ ಹಿಡದಾಳ."

"ದಾಖಲಾತಿ ಅಂದ್ರ ದಾಖಲಾತಿ. ಅದರಾಗ ನಾ ಕೈ ಹಾಕೂದಿಲ್ಲ."

"ನೀವೇ ಹೇಳಿದ್ರಿ, ಗೊತ್ತಿಲ್ಲ ಅಂತ ಬರೀಲಿಕ್ಕ ಹೇಳ್ರಿ ಅಂತ."

ಸಾಹೇಬರು ಕಪ್ಪನ್ನು ತಟ್ಟೆಯ ಮೇಲೆ ಸರಿಯಾಗಿ ಇಟ್ಟರು. "ನಾ ಯಾರಿಗಿ ಹೇಳೀನ್ರಿ? ಹಾಲಿನಾಗ ಎದ್ದು ನಿಂತು ಹೇಳಿದಾಕಿ ನೀವು. ಬೇಕಾದ್ರ ನಾನೇ ಹೇಳೀನಂತ ನೀವು ಬರದು ಸಹಿ ಮಾಡಿ ಕೊಡ್ರಿ. ನಾ ಮುಂದ ಕಳಸ್ತೀನಿ."

ನಾನು ಬರೆದು ಕೊಡಲಿಲ್ಲ. ಹೆದರಿದೆ. ನೌಕರಿ ಹೋದೀತು, ಸುಳ್ಳು ದಾಖಲೆ ಮಾಡಿದವಳು ಎಂದು ಹೆಸರು ಬಂದೀತು ಎಂದು ಚಹಾ ಮುಗಿಸಿ ಎದ್ದು ಬಂದೆ. ಸಾಹೇಬರನ್ನು ಜರೆಯುವ ಈ ಬರಹದಲ್ಲಿ ಇದನ್ನು ಮುಚ್ಚಿಟ್ಟರೆ ನಾನೂ ಅವರೂ ಒಂದೇ ಆದೇವು.

ನಾನು ಮಾಡಿದ್ದು ಇಷ್ಟೇ. ಒಮ್ಮೆ ಅನರ್ಹರಾದವರು ಇನ್ನೊಂದು ಬ್ಯಾಚಿನಲ್ಲಿ ಕೂತು ಮೊದಲ ದಿನದ ಪರೀಕ್ಷೆಯನ್ನು ಮತ್ತೆ ಬರೆಯಬಹುದು, ಆದರೆ ಒಂದೇ ಸಲ, ಎಂದು ನಿಯಮದಲ್ಲಿ ಒಂದು ಸಾಲಿತ್ತು. ವಾಡಿಯ ಬ್ಯಾಚಿಗೆ ಜಗದೇವಿಯ ಹೆಸರನ್ನು, ಅವಳ ಜೊತೆ ಅನರ್ಹರಾದ ಎಲ್ಲರ ಹೆಸರನ್ನು ಸೇರಿಸಿದೆ. ಸಾಹೇಬರು ಪಟ್ಟಿ ನೋಡಿ ಸಹಿ ಹಾಕಿದರು. ಮೊದಲ ದಿನದ ಅಂಕ ಮೇಲೆ ಹೋದರೆ ಇವರಿಗೆ ಸರ್ಟಿಫಿಕೇಟು, ಕೆಳಗೆ ಇದ್ದರೆ ತಮಗೆ ಗ್ರಾಫು. ಒಂದಕ್ಕೊಂದು ಎದುರಾದ ಈ ಎರಡು ಲೆಕ್ಕವನ್ನೂ ಮಾಡಿದವರು ತಾವೇ ಎಂಬುದು ಅವರ ತಲೆಗೆ ಹೋಗಿರಲೇ ಇಲ್ಲ. ಪತ್ರಿಕೆ ಹಂಚುವ ಮುಂಚೆ ನನ್ನ ಕಿವಿಯ ಹತ್ತಿರ ಬಂದು, "ನೆನಪದಲ್ರಿ? ಜರಾ ಹೇಳಿಬಿಡ್ರಿ ಇವರಿಗಿ" ಎಂದರು.

ನಾನು ಪತ್ರಿಕೆಗಳನ್ನು ಹಿಡಿದು ನಿಂತೆ. ಆಗ ಜಗದೇವಿ ಎದ್ದಳು.

"ಅಕ್ಕೋರ, ಮೊದಲೇ ಕೇಳಿಬಿಡ್ತೀನ್ರಿ. ಈ ಸಲ ಖರೇದು ಬರೀಬೇಕೇನ್ರಿ, ಸುಳ್ಳು ಬರೀಬೇಕೇನ್ರಿ?"

ಅವಳ ಮಾತಿನಲ್ಲಿ ಕೊಂಕು ಇರಲಿಲ್ಲ. ಊಟಕ್ಕೆ ಎಷ್ಟು ಹೊತ್ತಿಗೆ ಏಳಬೇಕು ಎಂದು ಕೇಳಿದ ಹಾಗೆ ಕೇಳಿದಳು. ಇಡೀ ಹಾಲು ಸಾಹೇಬರ ಕಡೆ ತಿರುಗಿತು. ಅವರ ಕೈಯ ಕೆಂಪು ಬೆಳಕು ಗೋಡೆಯ ಮೇಲೆ ಎತ್ತೆತ್ತಲೋ ಓಡಿತು.

"ಹೋದ ಸಲ ಸುಳ್ಳು ಬರಿಸಿದಾಕಿ ನಾನು" ಎಂದೆ. "ಸಾಹೇಬ್ರು ಹೇಳಿದ್ರು, ನಾ ನಿಮಗ ಹೇಳಿದೆ. ಅದು ತಪ್ಪಾತು. ಈ ಸಲ ಗೊತ್ತಿದ್ದದ್ದು ಗೊತ್ತಿದ್ದಂಗ ಬರೀರಿ. ಯಾರ ಮಾತೂ ಕೇಳಬ್ಯಾಡ್ರಿ, ನಂದೂ ಕೇಳಬ್ಯಾಡ್ರಿ."

ಸಾಹೇಬರು ಕೆಮ್ಮಿ, "ಖಂಡಿತವಾಗಿ, ತಿಳಿದದ್ದನ್ನೇ ಬರೆಯಬೇಕು, ಪರೀಕ್ಷೆಯ ಉದ್ದೇಶವೇ ಅದು" ಎಂದು ಬೆಂಗಳೂರಿನ ಕನ್ನಡದಲ್ಲಿ ಘೋಷಿಸಿದರು. ಊಟದ ಹೊತ್ತಿಗೆ ಮೂಲೆಗೆ ಕರೆದು, "ನಿಮಗ ತಲಿ ಕೆಟ್ಟದೇನ್ರಿ? ಇರ್ಲಿ. ಮೂರು ದಿನ ನಾನೇ ಕಲಸ್ತೀನಿ. ಇಪ್ಪತ್ತೈದಕ್ಕ ಇಪ್ಪತ್ತೈದು ತಗಸ್ತೀನಿ ಎಲ್ಲಾರಿಂದ. ಆಗ ನೋಡ್ರಿ" ಎಂದರು.

ಮತ್ತೆ ಅವರು ನಿಜವಾಗಿಯೂ ಕಲಿಸಿದರು. ಅಷ್ಟು ವರ್ಷದಲ್ಲಿ ಅವರು ಅಂಗಿ ಬೆವರುವಷ್ಟು ದುಡಿದದ್ದನ್ನು ನಾನು ನೋಡಿದ್ದು ಆ ಮೂರು ದಿನ ಮಾತ್ರ. ಸ್ಲೈಡಿನ ಮೇಲೆ ಸ್ಲೈಡು. ಒಂದೇ ಮಾತನ್ನು ಹತ್ತು ಸಲ. ನನಗೆ ಅವರ ಬಗ್ಗೆ ಒಂದು ಗಳಿಗೆ ಅಯ್ಯೋ ಪಾಪ ಎನ್ನಿಸಿದ್ದೂ ಉಂಟು. ಮೂರನೆಯ ದಿನ ಸಂಜೆ ಇಬ್ಬರೂ ಕೂತು ಅಂಕ ಕೂಡಿಸಿದೆವು. ಎರಡನೆಯ ಕಂಬ ಮೊದಲನೆಯದಕ್ಕಿಂತ ಕುಳ್ಳಗಾಗಿತ್ತು. ಮೊದಲ ದಿನ ಹೆಂಗಸರು ತಮ್ಮ ಕೈಗೆ ಗೊತ್ತಿದ್ದದ್ದನ್ನು ಬರೆದಿದ್ದರು. ಮೂರನೆಯ ದಿನ ಸಾಹೇಬರ ಸ್ಲೈಡಿನಲ್ಲಿ ಏನಿತ್ತು ಎಂದು ನೆನಪಿಸಿಕೊಳ್ಳಲು ಹೋಗಿ, ಗೊತ್ತಿದ್ದದ್ದರ ಮೇಲೂ ಅನುಮಾನ ಬಂದು ತಪ್ಪಿದ್ದರು. ಜಗದೇವಿಗೆ ಮೊದಲ ದಿನ ಇಪ್ಪತ್ತೈದು, ಮೂರನೆಯ ದಿನ ಇಪ್ಪತ್ತನಾಲ್ಕು.

ಸಾಹೇಬರು ಆ ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು. ಜೇಬಿನಿಂದ ಕೆಂಪು ಪೆನ್ನು ತೆಗೆದರು. ಮೊದಲ ದಿನದ ಅಂಕಗಳನ್ನು ತಿದ್ದಿ ಇಳಿಸಿಬಿಟ್ಟರೆ ಮುಗಿಯಿತು, ಜಗದೇವಿಗೆ ಇನ್ನೊಂದು ಸಲ ಇಲ್ಲ, ಸಾಯುವ ತನಕ ಪೊರಕೆ. ತಡೆಯಬೇಕು ಎಂದು ಕೈ ಚಾಚಿದೆ. ಅವರು ಅಂಕಗಳನ್ನು ಮುಟ್ಟಲಿಲ್ಲ. ಮೇಲೆ ಎರಡು ಮನೆಗಳಲ್ಲಿ "ತರಬೇತಿಗೆ ಮುಂಚೆ", "ತರಬೇತಿಯ ನಂತರ" ಎಂದು ಬರೆದಿತ್ತಲ್ಲ, ಆ ಎರಡನ್ನು ಹೊಡೆದು ಹಾಕಿ ಅದಲುಬದಲು ಮಾಡಿ ಬರೆದರು.

"ಹೆಡ್ಡಿಂಗ್ ತಪ್ಪಿ ಬಿದ್ದಿದ್ವು ನೋಡ್ರಿ" ಎಂದರು, ಮುಖ ಎತ್ತದೆ.

ನಾನು ಚಾಚಿದ ಕೈಯನ್ನು ಹಿಂದೆ ತೆಗೆದುಕೊಂಡೆ. ಮೂರು ದಿನ ಕಲಿಸಿ ಹೆಂಗಸರ ತಿಳಿವಳಿಕೆಯನ್ನು ಕಡಿಮೆ ಮಾಡಿದ ಮನುಷ್ಯ, ಎರಡು ಗೆರೆ ಎಳೆದು ಅದನ್ನು ಪ್ರಗತಿ ಮಾಡಿಬಿಟ್ಟ. ಛೀ ಎನ್ನಿಸಿತು. ಆದರೆ ಜಗದೇವಿಯ ಸಾಲಿನಲ್ಲಿ "ತರಬೇತಿಗೆ ಮುಂಚೆ" ಎಂಬ ಮನೆಯಲ್ಲಿ ಈಗ ಇಪ್ಪತ್ತನಾಲ್ಕು ಇತ್ತು. ಹದಿನೈದು ಸಾಕಿತ್ತು. ಅವಳ ಜೊತೆಯವರೆಲ್ಲರೂ ಹದಿನೈದರ ಮೇಲೆಯೇ ಇದ್ದರು. ಅವರ ಸಹಿಯ ಕೆಳಗೆ ನಾನು ಎರಡನೆಯ ಸಲ ಸುಳ್ಳು ಹಾಳೆಗೆ ಸಹಿ ಹಾಕಿದೆ.

ಆ ವಾಡಿಯ ಗ್ರಾಫನ್ನು ಸಾಹೇಬರು ಎಲ್ಲ ಕಡೆ ತೋರಿಸಿದರು. ಹಳಬರನ್ನೂ ಕಲಿಸಬಹುದು ಎಂಬುದಕ್ಕೆ ಅದೇ ಸಾಕ್ಷಿಯಂತೆ. ಈಗಿನ ಸನ್ಮಾನದ ಕರೆಯೋಲೆಯಲ್ಲೂ ಅದರ ಹೊಗಳಿಕೆ ಇದೆ.

ಸರ್ಟಿಫಿಕೇಟು ಬಂದ ಮೇಲೆ ಜಗದೇವಿಯನ್ನು ಮತ್ತೆ ಹೆರಿಗೆ ವಾರ್ಡಿಗೆ ಹಾಕಿದರು. ನಾನು ಹೋದಾಗ ಒಂದು ಕೂಸನ್ನು ಒರೆಸಿ, ಸುತ್ತಿ, ತಾಯಿಯ ಎದೆಯ ಮೇಲೆ ಮಲಗಿಸಿ ಹೊರಗೆ ಬಂದಳು. ಕೈ ತೊಳೆದುಕೊಳ್ಳುತ್ತ ನಿಂತವಳಿಗೆ ವಾಡಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಇನ್ನು ಅವಳಿಂದ ಏನನ್ನೂ ಮುಚ್ಚಿಡಬಾರದು ಎನ್ನಿಸಿತ್ತು. ಅವಳು ನಲ್ಲಿ ನಿಲ್ಲಿಸಿ ಗಮನವಿಟ್ಟು ಕೇಳಿದಳು, ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ಅಂದ್ರ ಅಕ್ಕೋರ, ಸಾಹೇಬ್ರು ಕಲಸೂಕಿಂತ ಮೊದಲ ನನಗ ಇಪ್ಪತ್ತನಾಕು ಬರ್ತಿತ್ತು, ಅವರು ಕಲಿಸಿದ ಮ್ಯಾಲ ಇಪ್ಪತ್ತೈದಾತು, ಹಂಗ ಬರದಾರೇನ್ರಿ?"

"ಹಂಗೇ ಬರದಾರ."

ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಇರ್ಲಿ ಬಿಡ್ರಿ," ಅಂದಳು. "ಇಷ್ಟು ವರ್ಷ ಪಾಪ ಒದರ್ಯಾರ. ಒಂದು ಮಾರ್ಕು ಅವರಿಗೂ ಇರ್ಲಿ."